ಸತ್ತವರ ಮನೆಯ ಕಾಫಿ

ದತ್ತಾತ್ರೇಯನಿಗೆ ಅಸಹ್ಯವೆನ್ನುವುದು ಹುಟ್ಟಿನಿಂದಲೇ ಬಂದ ಗುಣ. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೆ ಮುಖ ಕಿವುಚಿಕೊಳ್ಳುತ್ತಾನೆ. ಆಫೀಸಿನಲ್ಲಿ ಫಿಕಾ ಎಂಬ ಕಾಫಿ ವಿರಾಮದ ಹೊತ್ತಿಗೆ ಬೆಣ್ಣೆಯ ಚಾಕು ಹತ್ತು ಕೈ ದಾಟುವುದನ್ನು ನೋಡಿ, ತಾನು ಮಾತ್ರ ಸಿಪ್ಪೆ ಸುಲಿಯದ ಬಾಳೆಹಣ್ಣು ಹಿಡಿದು ಕೂರುತ್ತಾನೆ. ಇಂಥ ಮನುಷ್ಯ ಶನಿವಾರ ಬಂತೆಂದರೆ ಯಾರೋ ಸತ್ತವರ ಶೆಡ್ಡಿನಲ್ಲಿ ಮೊಣಕಾಲೂರಿ, ಇಲಿ ಗೂಡು ಕಟ್ಟಿದ ಪೆಟ್ರೋಲ್ ಟ್ಯಾಂಕಿನೊಳಗೆ ಬರಿಗೈ ಹಾಕಿ ತಡಕುತ್ತಾನೆ. ಸ್ವೀಡನ್ನಿನ ಲಿಂಕೋಪಿಂಗಿನ ಕನ್ನಡದವರು ಅವನಿಗೆ ಗುಜರಿ ದತ್ತಣ್ಣ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ವಾರದ ದಿನಗಳಲ್ಲಿ ಅವನು ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರ್. ಬೆಂಗಳೂರು ಬಿಟ್ಟು ಹದಿನಾಲ್ಕು ವರ್ಷವಾಯಿತು. ಬಾಡಿಗೆ ಗ್ಯಾರೇಜಿನಲ್ಲಿ ಅವನ ನಾಲ್ಕು ಹಳೇ ಸೈಕಲ್ಲುಗಳಿವೆ, ಜೊತೆಗೆ ಐವತ್ತರ ದಶಕದ ಒಂದು ಹುಸ್ಕ್ವಾರ್ನಾ ಮೋಟಾರ್‌ಸೈಕಲ್. ಅದರ ಎಂಜಿನ್ ಓಡುತ್ತದೆ, ಚಕ್ರ ತಿರುಗುತ್ತದೆ, ದೀಪ ಕೂಡ ಹತ್ತುತ್ತದೆ. ಇಲ್ಲದ್ದು ಅದರದೇ ಟ್ಯಾಂಕು. ಆರು ವರ್ಷದಿಂದ ಯಾವುದೋ ಮೊಪೆಡ್ಡಿನ ಟ್ಯಾಂಕನ್ನು ತಂತಿಯಲ್ಲಿ ಬಿಗಿದುಕೊಂಡು ಅದು ನಾಚಿಕೆಗೆಟ್ಟು ನಿಂತಿದೆ.

ಆ ಟ್ಯಾಂಕಿಗಾಗಿ ಅವನು ಸುತ್ತದ ಡೋಡ್ಸ್‌ಬೂ ಇಲ್ಲ. ಮನೆಯವರೊಬ್ಬರು ತೀರಿಕೊಂಡರೆ ಅವರ ಇಡೀ ಸಂಸಾರಕ್ಕೆ ಬೆಲೆಚೀಟಿ ಅಂಟಿಸಿ, ಬಾಗಿಲು ತೆರೆದು ಊರನ್ನೇ ಒಳಗೆ ಬಿಡುವ ಮಾರಾಟಕ್ಕೆ ಇಲ್ಲಿ ಆ ಹೆಸರು. ಹೊರಗೆ ಬ್ಯಾಂಕಿನಲ್ಲಿದ್ದಂತೆ ನಂಬರ್ ಚೀಟಿ. ಒಳಗೆ ಹೋದರೆ ಒಬ್ಬಳು ಸತ್ತವಳ ಕೋಟು ಹಾಕಿಕೊಂಡು ಕನ್ನಡಿ ನೋಡುತ್ತಿರುತ್ತಾಳೆ, ಇನ್ನೊಬ್ಬ ಹಾಸಿಗೆಯನ್ನು ಒತ್ತಿ ಒತ್ತಿ ಸ್ಪ್ರಿಂಗು ಪರೀಕ್ಷಿಸುತ್ತಿರುತ್ತಾನೆ. ಥೂ, ಹದ್ದುಗಳು ಎಂದುಕೊಂಡೇ ದತ್ತಾತ್ರೇಯ ತನ್ನ ನಂಬರ್ ಚೀಟಿಯನ್ನು ಭದ್ರವಾಗಿ ಹಿಡಿದುಕೊಳ್ಳುತ್ತಿದ್ದ.

ಅವನಿಗೊಂದು ಕಟ್ಟಳೆ ಇತ್ತು. ಸಾವಾದ ಮನೆಯಲ್ಲಿ ಹನಿ ನೀರೂ ಮುಟ್ಟಬಾರದೆಂದು ಮಲ್ಲೇಶ್ವರದ ಮನೆಯಲ್ಲಿ ಅವನಮ್ಮ ಕಲಿಸಿದ್ದು ಐವತ್ತು ಹತ್ತಿರವಾದರೂ ಮೈಬಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ ಸೂತಕ ಗೀತಕ ಏನಿಲ್ಲಪ್ಪ, ಹೈಜೀನ್ ಅನ್ನುತ್ತಿದ್ದ. ಮನೆಗೆ ಬಂದೊಡನೆ ಸೋಫಾ ಮುಟ್ಟದೆ, ಮಗಳು ಪಾವನಾ ಮೂಗು ಮುಚ್ಚಿಕೊಂಡು ಸ್ವೀಡಿಷ್‌ನಲ್ಲಿ "ಉಶ್, ಪಪ್ಪಾ" ಎಂದು ಛೀಗುಟ್ಟುವಷ್ಟರಲ್ಲಿ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಅದೂ ಹೈಜೀನೇ ಅಂತೆ.

ಮೇ ತಿಂಗಳ ಶನಿವಾರ. ಮೊಟಾಲಾ ಕಡೆಯ ಒಂದು ಹಳ್ಳಿಯಲ್ಲಿ ಆಲ್ವಾರ್ ಎಂಬ ಮುದುಕ ತೀರಿಕೊಂಡಿದ್ದ. ದತ್ತಾತ್ರೇಯನದು ಎರಡನೇ ನಂಬರು. ಮೊದಲನೆಯದು ಕೆಂಟ್ ಎಂಬವನದು. ಹಳೇ ಗಾಡಿ ಕೊಂಡು, ಬಿಚ್ಚಿ, ತುಂಡುತುಂಡಾಗಿ ಆನ್‌ಲೈನಿನಲ್ಲಿ ಮಾರುವುದು ಅವನ ಕಸುಬು. ಅವನ ಮೇಲ್ತುಟಿಯ ಒಳಗೆ ಸದಾ ಸ್ನೂಸ್ ಹೊಗೆಸೊಪ್ಪಿನ ಗಂಟು, ಅದನ್ನು ಸರಿಪಡಿಸುವ ಬೆರಳನ್ನೇ ಚಾಚಿ ಕೈ ಕುಲುಕುತ್ತಾನೆ. ಆ ಕೈ ಕುಲುಕಿದ ಮೇಲೆ ದತ್ತಾತ್ರೇಯ ಪ್ಯಾಂಟಿಗೆ ಅಂಗೈ ಒರೆಸಿಕೊಂಡ.

ಕೆಂಟ್ ನೇರ ಮನೆಯೊಳಗೆ ನುಗ್ಗಿದ. ದತ್ತಾತ್ರೇಯ ಶೆಡ್ಡಿಗೆ ಹೋದ. ಕಂಬಳಿ ಎತ್ತಿದರೆ ಅವನದೇ ಮಾದರಿಯ ಹುಸ್ಕ್ವಾರ್ನಾ, ಒಂದು ಸ್ಕ್ರೂ ಕೂಡ ಬದಲಾಗದೆ, ಇಡಿಯಾಗಿ ನಿಂತಿತ್ತು. ಸತ್ತ ಮುದುಕನ ಮಗಳು ಗುನಿಲ್ಲಾ, ಅರವತ್ತರ ಹೆಂಗಸು, ಹಿಂದೆಯೇ ಬಂದಳು. ಟ್ಯಾಂಕಿನ ನೆತ್ತಿಯಲ್ಲಿ ಬಣ್ಣದ ಮೇಲೆ ಬಳೆಯಷ್ಟಗಲದ ಒಂದು ಮಾಸಲು ಗುರುತಿತ್ತು. ಅದನ್ನು ಬೆರಳಲ್ಲಿ ಸವರಿ ಹೇಳಿದಳು: "ಅಪ್ಪ ದಿನಾ ಇಲ್ಲೇ ಕಾಫಿ ಕಪ್ ಇಡುತ್ತಿದ್ದರು. ಅಮ್ಮ ಬೈಯುತ್ತಿದ್ದಳು."

ಇದನ್ನು ಬಿಚ್ಚಬಾರದು ಎಂದು ದತ್ತಾತ್ರೇಯನಿಗೆ ಆಗಲೇ ಅನ್ನಿಸಿತು. ತನ್ನ ಟ್ಯಾಂಕಿನ ಆಸೆ ಕೂಡ ಆ ಕ್ಷಣ ಮರೆತುಹೋಯಿತು. ಇಡಿಯಾಗಿ ಕೊಂಡು ಇಡಿಯಾಗಿಯೇ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಆ ಸ್ನೂಸ್ ಬೆರಳುಗಳ ಕೈಗೆ ಬೀಳುತ್ತದೆ.

"ಬೆಲೆ ಎಷ್ಟು?"

"ಇದಕ್ಕೆ ಚೀಟಿ ಅಂಟಿಸಿಲ್ಲ. ಒಳಗೆ ಬನ್ನಿ, ಕಾಫಿ ಕುಡಿಯುತ್ತಾ ಮಾತಾಡೋಣ."

ಅಡುಗೆಮನೆಯಲ್ಲಿ ಕೂರಿಸಿದಳು. ಕೂತ ಕುರ್ಚಿಗೆ ಬೆಲೆಚೀಟಿ, ಮೇಜಿಗೆ ಬೆಲೆಚೀಟಿ. ಕಿಟಕಿಯ ಕಟ್ಟೆಯ ಮೇಲೆ ಮುದುಕನ ಕನ್ನಡಕ, ಗಾಜಿನ ಮೇಲೆ ಇನ್ನೂ ಹೆಬ್ಬೆಟ್ಟಿನ ಜಿಡ್ಡು. ಗುನಿಲ್ಲಾ ಅಲ್ಮಾರಿಯಿಂದ ಒಂದು ಕಪ್ಪು ತೆಗೆದು, ಅದರ ಚೀಟಿಯನ್ನು ಉಗುರಿನಿಂದ ಕೆರೆದು ಕಾಫಿ ಬಗ್ಗಿಸಿದಳು. ಅಂಟು ಅರ್ಧ ಹಾಗೇ ಉಳಿದಿತ್ತು. ದತ್ತಾತ್ರೇಯ ಎರಡೂ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಬೇಡ, ಈಗ ತಾನೇ ಕುಡಿದು ಬಂದೆ."

"ಅರ್ಧ ಕಪ್ಪಾದರೂ?"

"ಬೇಡ, ಬೇಡ. ಬೆಲೆ ಹೇಳಿ, ಕೊಟ್ಟು ತಗೊಂಡು ಹೋಗುತ್ತೇನೆ."

ಬನ್ನಾದರೂ ತಿನ್ನಿ ಎಂದು ತಟ್ಟೆ ಸರಿಸಿದಳು. ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಯೋಚಿಸಿ ತಿಳಿಸುತ್ತೇನೆ ಎಂದಳು ಆಕೆ. ಅವನು ಒಂದು ಕಾಗದದ ಮೇಲೆ ಹೆಸರು, ಫೋನ್ ನಂಬರು ಬರೆದಿಟ್ಟು ಅಂಗಳಕ್ಕೆ ಬಂದು ದೊಡ್ಡದೊಂದು ಉಸಿರೆಳೆದುಕೊಂಡ.

ಕಿಟಕಿಯಿಂದ ಒಳಗಿನದು ಕಾಣುತ್ತಿತ್ತು. ಅದೇ ಕುರ್ಚಿಯಲ್ಲಿ ಈಗ ಕೆಂಟ್ ಕೂತಿದ್ದ. ಅದೇ ಕಪ್ಪಿನಲ್ಲಿ ಕಾಫಿ ಹೀರಿದ, ಇನ್ನೊಂದಿಷ್ಟು ಹಾಕಿಸಿಕೊಂಡ, ಮೂರು ಬನ್ ತಿಂದು ಬೆರಳು ನೆಕ್ಕಿದ, ತಲೆದೂಗಿದ, ನಡುವೆ ಕಣ್ಣೊರೆಸಿಕೊಂಡಂತೆಯೂ ಮಾಡಿದ. ಅರ್ಧ ಗಂಟೆ ಬಿಟ್ಟು ಹೊರಬಂದವನ ಕೈಯಲ್ಲಿ ಮೋಟಾರ್‌ಸೈಕಲ್ಲಿನ ಕೀಲಿ ಇತ್ತು.

ಅವತ್ತು ಸ್ನಾನ ಮುಗಿಸಿ ಬಂದು ಗಂಡ ಹೇಳಿದ್ದನ್ನೆಲ್ಲ ಕೇಳಿದ ರಮಾ ನಗಲಿಲ್ಲ.

"ಅಲ್ಲಾ ರೀ, ಆರು ವರ್ಷ ವೀಕೆಂಡ್ ಎಲ್ಲಾ ಹಾಳ್ ಮಾಡ್ಕೊಂಡು ಹುಡುಕಿದೀರ. ಒಂದು ಸಿಪ್ ಕುಡಿದಿದ್ರೆ ಏನ್ ಗಂಟು ಹೋಗ್ತಿತ್ತು?"

"ಸತ್ತವರ ಕಪ್ಪಲ್ಲಿ ಕುಡಿಯಕ್ಕಾಗಲ್ಲ ಕಣೇ."

"ಸತ್ತವರ ಗಾಡಿ ಮಾತ್ರ ಆಗತ್ತೆ."



ಮೂರೇ ವಾರಕ್ಕೆ ಆನ್‌ಲೈನಿನಲ್ಲಿ ಜಾಹೀರಾತು ಬಂತು. ಹೆಡ್‌ಲೈಟು ಬೇರೆ, ಸೀಟು ಬೇರೆ, ಕಾರ್ಬ್ಯುರೇಟರ್ ಬೇರೆ. ಕೊನೆಯ ಫೋಟೋದಲ್ಲಿ ಟ್ಯಾಂಕು, ಅದರ ನೆತ್ತಿಯ ಮೇಲೆ ಮಾಸಲು ಬಳೆ. ದತ್ತಾತ್ರೇಯ ಕಟುಕ, ಹಲ್ಕಾ ನನ್ಮಗ ಎಂದು ಬೈದುಕೊಂಡೇ ಕೆಂಟನಿಗೆ ಫೋನು ಮಾಡಿದ, ಬೈದುಕೊಂಡೇ ಕಾರು ಓಡಿಸಿಕೊಂಡು ಹೋದ. ಕೆಂಟನ ಶೆಡ್ಡಿನಲ್ಲಿ ಆಲ್ವಾರನ ಗಾಡಿ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಹಂಚಿಹೋಗಿತ್ತು. ಮುದುಕ ಜೀವಮಾನವೆಲ್ಲ ಒರೆಸಿಟ್ಟ ಚೌಕಟ್ಟು ಹೊರಗೆ ತುರಿಕೆ ಗಿಡಗಳ ನಡುವೆ ಬಿದ್ದಿತ್ತು.

"ಇಡಿಯಾಗಿದ್ದರೆ ಒಬ್ಬನಿಗೆ ಖುಷಿ, ತುಂಡಾದರೆ ಇಪ್ಪತ್ತು ಜನಕ್ಕೆ," ಎಂದು ಕೆಂಟ್ ನಕ್ಕ. ಹಲ್ಲಿನ ಸಂದಿಯಲ್ಲಿ ಕಂದು ರಸ ಕಂಡಿತು.

ದತ್ತಾತ್ರೇಯ ಮುಖ ತಿರುಗಿಸಿದ. ಆದರೂ ಟ್ಯಾಂಕು ತೆಗೆದುಕೊಂಡ. ಬರುವಾಗ ಅದನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿದ್ದ, ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಇಪ್ಪತ್ತು ಜನರಲ್ಲಿ ತಾನು ಮೊದಲನೆಯವನು. ಆ ಸಂಜೆ ಬಚ್ಚಲಿನಲ್ಲಿ ಎಷ್ಟು ಹೊತ್ತು ನಿಂತನೆಂದರೆ ರಮಾ ಎರಡು ಸಲ ಬಾಗಿಲು ತಟ್ಟಬೇಕಾಯಿತು.

ಟ್ಯಾಂಕು ಅವನ ಗಾಡಿಗೆ ಸರಿಯಾಗಿ ಕೂತಿತು. ಜುಲೈಯಲ್ಲಿ ಗುನಿಲ್ಲಾಳ ಫೋನು ಬಂತು.

"ಕೆಂಟ್ ಫೋನು ಎತ್ತುತ್ತಿಲ್ಲ. ನಿಮ್ಮ ನಂಬರಿನ ಚೀಟಿ ಸಿಕ್ಕಿತು, ಅದಕ್ಕೆ ನಿಮಗೆ ಮಾಡಿದೆ. ಅಮ್ಮ ಮಾರ್ಗಿಟ್ ವೃದ್ಧಾಶ್ರಮದಲ್ಲಿದ್ದಾಳೆ. ಗಾಡಿಯನ್ನು ಒಂದು ಸಲ ಅವಳ ಮುಂದೆ ಓಡಿಸುತ್ತೇನೆ ಅಂತ ಅವನು ಮಾತು ಕೊಟ್ಟಿದ್ದ. ಅಷ್ಟಕ್ಕೇ ಹೆಚ್ಚುಕಮ್ಮಿ ಪುಕ್ಕಟೆ ಕೊಟ್ಟುಬಿಟ್ಟೆ. ಅಮ್ಮ ಪ್ರತಿ ಶನಿವಾರ ಕಿಟಕಿ ಹತ್ತಿರ ಕೂತಿರುತ್ತಾಳೆ." ಆಮೇಲೆ ಸೇರಿಸಿದಳು: "ಅವತ್ತು ನಿಮಗೇ ಕೊಡೋಣ ಅಂತಿದ್ದೆ. ಕೂತು ಕಾಫಿ ಕುಡಿಯುವವನಿಗೆ ಕೊಡು, ಅವಸರದಲ್ಲಿರುವವನು ಬಿಚ್ಚಿ ಮಾರುತ್ತಾನೆ ಅಂತ ಅಪ್ಪ ಹೇಳಿಹೋಗಿದ್ದರು. ನಿಮಗೆ ತುಂಬ ಅವಸರವಿತ್ತು."

ಬಿಚ್ಚಿ ಮಾರುವವನು. ತನ್ನನ್ನು! ದತ್ತಾತ್ರೇಯನ ಕಿವಿ ಕಾದವು. ನಡೆದದ್ದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ಅದು ಈಗ ನನ್ನ ಹತ್ತಿರ ಇದೆ. ಈ ಶನಿವಾರ ತರುತ್ತೇನೆ."

ಮುದುಕಿಗೆ ಸಮಾಧಾನವಾದರೆ ಸಾಕು, ಪಾಪವೇನು ಬಂತು ಎಂದು ಮೂರು ದಿನ ತನಗೆ ತಾನೇ ಹೇಳಿಕೊಂಡ. ಶನಿವಾರ ಹನ್ನೊಂದಕ್ಕೆ ವೃದ್ಧಾಶ್ರಮದ ಅಂಗಳದಲ್ಲಿ ಗಾಡಿ ನಿಲ್ಲಿಸಿದ. ಗಾಲಿಕುರ್ಚಿಯಲ್ಲಿ ಮಾರ್ಗಿಟ್, ತೊಂಬತ್ತರ ಆಸುಪಾಸು, ತಲೆಗೆ ನೀಲಿ ವಸ್ತ್ರ ಕಟ್ಟಿಕೊಂಡು ಸವಾರಿಗೆ ಹೊರಟವಳಂತೆ ತಯಾರಾಗಿದ್ದಳು. ಗುನಿಲ್ಲಾ ಹುಲ್ಲಿನ ಮೇಲೆ ಮಡಿಸುವ ಮೇಜು ಹಾಕಿ ಥರ್ಮಾಸು, ಬನ್ ಇಟ್ಟಿದ್ದಳು. ಅವನನ್ನು ಕಂಡು ಮನಸಾರೆ ನಕ್ಕಳು, ಅವನಿಗೆಂದು ಕಪ್ಪಿಗೆ ಕಾಫಿ ಬಗ್ಗಿಸಿದಳು. ಅದೇ ಅಂಟಿನ ಗುರುತಿನ ಕಪ್ಪು. ಕುಡಿಯುತ್ತೇನೆ, ಇವತ್ತು ಹನಿ ಬಿಡದೆ ಕುಡಿಯುತ್ತೇನೆ ಎಂದು ದತ್ತಾತ್ರೇಯ ಮನಸ್ಸು ಗಟ್ಟಿಮಾಡಿಕೊಂಡ.

ಮೊದಲು ಮಾರ್ಗಿಟ್‌ಳ ಕೈ ಟ್ಯಾಂಕಿನ ಮೇಲೆ ಬಂತು. ಬೆರಳು ಬಳೆಯ ಗುರುತನ್ನು ಹುಡುಕಿ ಅದರ ಸುತ್ತ ಒಂದು ಸುತ್ತು ಬಂತು. ಅವಳ ಮುಖ ಅರಳಿದ್ದು ನೋಡಿ ದತ್ತಾತ್ರೇಯನಿಗೆ ಎದೆ ಹಗುರವಾಯಿತು. ಓಡಿಸು ಎಂದು ಸನ್ನೆ ಮಾಡಿದಳು. ಅವನು ಒದ್ದು ಸ್ಟಾರ್ಟ್ ಮಾಡಿ ಅಂಗಳದಲ್ಲಿ ಎರಡು ಸುತ್ತು ಹೊಡೆದ.

ನಿಲ್ಲಿಸಿದಾಗ ಮಾರ್ಗಿಟ್ ತಲೆ ಓರೆಮಾಡಿ ಇನ್ನೂ ಕೇಳುತ್ತಲೇ ಇದ್ದಳು. ನಲವತ್ತು ಬೇಸಿಗೆ ಆಲ್ವಾರನ ಗಾಡಿಯ ಮೇಲೆ, ಗಂಡನ ಬೆನ್ನ ಹಿಂದೆ ಕೂತು ಅದರ ಎಂಜಿನ್ನಿನ ಸದ್ದು ಕೇಳಿದ ಹೆಂಗಸು. ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಟ್ಯಾಂಕು ಆಲ್ವಾರನದು. ಮಿಕ್ಕದ್ದೆಲ್ಲ ಎಲ್ಲಿ ಹೋಯಿತು?"

ಗುನಿಲ್ಲಾ ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅದೇ ಉತ್ತರವಾಯಿತು. ಆಕೆ ತಾಯಿಯ ತಲೆವಸ್ತ್ರದ ಗಂಟು ಬಿಚ್ಚಿ, ಮಡಿಸಿ ಮಡಿಲಲ್ಲಿಟ್ಟಳು.

ದತ್ತಾತ್ರೇಯ ಮೇಜಿನ ಹತ್ತಿರ ಬಂದು ಕಪ್ಪಿಗೆ ಕೈ ಚಾಚಿದ. ಗುನಿಲ್ಲಾ ಅವನಿಗಿಂತ ಮೊದಲೇ ಅದನ್ನೆತ್ತಿಕೊಂಡು ಕಾಫಿಯನ್ನು ಹುಲ್ಲಿಗೆ ಚೆಲ್ಲಿದಳು. ಆಮೇಲೆ ಕರವಸ್ತ್ರ ತೆಗೆದು ಕಪ್ಪಿನ ಅಂಚನ್ನು ಸುತ್ತಲೂ ಒರೆಸಿ ಚೀಲದೊಳಗೆ ಇಟ್ಟುಕೊಂಡಳು.