ಹನ್ನೆರಡನೆಯ ಗಾದಿ

ಕೋರ್ಟೆಂದರೆ ನಾನು ಈಗಲೂ ಆ ಬೀದಿ ಬಿಟ್ಟು ಸುತ್ತಿ ಹೋಗುತ್ತೇನೆ. ತಪ್ಪು ಮಾಡಿದವರಿಗೆ ಮಾತ್ರ ಅಂಜಿಕೆ ಎನ್ನುತ್ತೀರಾ? ಮಾಡಿದ್ದೆನಲ್ಲ, ಅದಕ್ಕೇ.

ನನ್ನ ಗಂಡ ಮಹಾರಾಷ್ಟ್ರದ ಗಡಿಯೊಳಗಿನ ಸಂಖದಲ್ಲಿ ಅರಳೆ ಹಿಂಜಿ ಗಾದಿ ಮಾಡುತ್ತಿದ್ದರು. ಹಿಂಜುವುದು ಅವರು, ತುಂಬಿ ಹೊಲಿಯುವುದು ನಾನು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಜತ್ತದಲ್ಲಿ ಹೊಸದಾಗಿ ಲಾಜಿಂಗ್ ತೆರೆದವನೊಬ್ಬ ಹನ್ನೆರಡು ಗಾದಿ ಹೇಳಿದ. ಅಷ್ಟು ದೊಡ್ಡ ಕೆಲಸ ನಮ್ಮ ಮನೆ ಕಂಡಿರಲಿಲ್ಲ. ಬಿಜಾಪುರದ ವ್ಯಾಪಾರಿಯಿಂದ ಅರಳೆಯನ್ನು ಉದ್ರಿ, ಸಾಲದ ಮೇಲೆ ತಂದೆವು.

ಹನ್ನೊಂದು ಮುಗಿಯುವಷ್ಟರಲ್ಲಿ ಅರಳೆ ತೀರಿತು. ಮರುದಿನ ಮಾಲು ಮುಟ್ಟಿಸುವ ಮಾತಾಗಿತ್ತು. ಗಂಡ ಬಂಡಿ ಗೊತ್ತು ಮಾಡಲು ಹೋಗಿದ್ದರು. ನಾನು ಮೂಲೆಯಲ್ಲಿ ಸುತ್ತಿಟ್ಟಿದ್ದ ತವರಿನ ಹಳೆಯ ಗಾದಿ ಬಿಚ್ಚಿ, ನಾನೇ ಹಿಂಜಿ, ಹನ್ನೆರಡನೆಯದಕ್ಕೆ ತುಂಬಿ ಬಾಯಿ ಹೊಲಿದುಬಿಟ್ಟೆ. ಅವರು ಬಂದು ಕೇಳಿದಾಗ, “ಅರಳಿ ಸಾಕಾತ್ರಿ” ಎಂದೆ. ಗಂಡ ಮಾತಿಗೆ ತಪ್ಪಿದ ಅನ್ನಿಸಿಕೊಳ್ಳಬಾರದು, ತಲೆಯಲ್ಲಿ ಅದೊಂದೇ ಇತ್ತು. ಎಂಥ ಶಾಣ್ಯಾಕಿ ನಾನು!

ಲಾಜಿಂಗಿನವ ಮಾಲು ಇಳಿಸಿಕೊಂಡು, ಹಣ ಕೊಡದೆ ಎರಡು ವರ್ಷ ಓಡಾಡಿಸಿದ. ಸುಣ್ಣ ಬಳಿದಾಗಲಿ ಎಂದ, ದೀಪಾವಳಿ ಆಗಲಿ ಎಂದ. ಇತ್ತ ಬಿಜಾಪುರದ ವ್ಯಾಪಾರಿ ನಮ್ಮ ಬಾಗಿಲಿಗೆ ಬಂದು ಕೂತ. ಕಡೆಗೆ ಎರಡು ಆಡು ಮಾರಿ ವಕೀಲರನ್ನು ಹಿಡಿದು ದಾವೆ ಹಾಕಿದೆವು. ಸೋತರೆ ಹಿಂಜುವ ಕಮಾನನ್ನೂ ಮಾರಿ ಕೂಲಿಗೆ ಹೋಗಬೇಕಾಗಿತ್ತು.

ಲಾಜಿಂಗಿನವನ ಜವಾಬು ಬಂದಾಗ ವಕೀಲರು ಮರಾಠಿಯಲ್ಲಿ ಓದಿ ಹೇಳಿದರು: ಗಾದಿಗಳಲ್ಲಿ ಹಳೆ ಅರಳೆ ತುಂಬಿದ್ದಾರೆ, ಆದ್ದರಿಂದ ಹಣ ಕೊಡುವುದಿಲ್ಲ. ನನ್ನ ಗಂಡ ನಕ್ಕುಬಿಟ್ಟರು. ನಾನು ನೀರಿನ ನೆಪ ಮಾಡಿ ಹೊರಗೆ ಬಂದೆ. ಆ ಕಳ್ಳ ದಿನ ನೂಕಲು ಬಾಯಿಗೆ ಬಂದದ್ದು ಹೇಳಿದ್ದ, ಅವನಿಗೇನೂ ಗೊತ್ತಿರಲಿಲ್ಲ. ಆದರೆ ಅವನ ಸುಳ್ಳಿನಲ್ಲಿ ಒಂದು ಗಾದಿಯಷ್ಟು ನಿಜವಿತ್ತು.

ಗಂಡನಿಗೆ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಹೇಳಿದರೆ ಅವರು ಕಟಕಟೆಯಲ್ಲಿ ನಿಂತು ಹನ್ನೊಂದೇ ಹೊಸವು ಎಂದು ಒಪ್ಪಿಕೊಳ್ಳುವ ಮನುಷ್ಯ. ದಾವೆ ಅಲ್ಲಿಗೇ ಮುಗಿಯುತ್ತಿತ್ತು.

ವಿಚಾರಣೆಯ ದಿನ ಲಾಜಿಂಗಿನವ ಸಾಕ್ಷಿಗೆಂದು ಒಂದು ಗಾದಿಯನ್ನು ಹೊರಿಸಿಕೊಂಡೇ ಬಂದಿದ್ದ. ಹಿಂದಿನ ಬಾಕಿನ ಮೇಲೆ ಕೂತು ಅದನ್ನೇ ನೋಡಿದೆ. ಹನ್ನೆರಡಕ್ಕೂ ಅದೇ ಪಟ್ಟೆಯ ಬಟ್ಟೆ, ಅದೇ ನನ್ನ ಹೊಲಿಗೆ. ಯಾವುದೆಂದು ನನಗೇ ತಿಳಿಯಲಿಲ್ಲ.

ನನ್ನ ಗಂಡ ಪ್ರಮಾಣ ಮಾಡಿದರು. ಅವರು ಸಂತೆಯಲ್ಲಿ ಕೂಡ ಆಣೆ ಇಟ್ಟವರಲ್ಲ. ಎದುರು ವಕೀಲ ಕೇಳಿದ, ಎಲ್ಲ ಗಾದಿಯಲ್ಲೂ ಹೊಸ ಅರಳೆಯೇ?

“ಹನ್ನೆರಡರಾಗೂ ಹೊಸಾ ಅರಳಿನ ಐತ್ರಿ ಸಾಹೇಬ್ರ. ದೇವರ ಮ್ಯಾಲ ಆಣಿ ಮಾಡೇನಿ. ಬೇಕಾದ್ರ ಬಿಚ್ಚಿ ನೋಡ್ರಿ.”

ನಾನು ಸೆರಗಿನ ತುದಿ ಹಿಡಿದುಕೊಂಡೆ. ಕೋರ್ಟಿನ ಜವಾನ, ಪಟ್ಟೇವಾಲ, ಬ್ಲೇಡಿನಿಂದ ಹೊಲಿಗೆ ಕೊಯ್ದ. ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅರಳೆ ಮೇಜಿನ ಮೇಲೆ ಬೆಳ್ಳಗೆ ಬಿದ್ದಿತ್ತು. ಹೊಸದು.

ಗೆದ್ದೆವು. ಬಸ್ಸಿನಲ್ಲೂ ನಾನು ಸೆರಗಿನ ತುದಿ ಬಿಟ್ಟಿರಲಿಲ್ಲ. “ಯಾಕ ಇಷ್ಟ ಅಂಜೀದಿ? ನಾ ಏನ ಸುಳ್ಳ ಹೇಳಾಂವಾ?” ಎಂದರು. ಹಣ ಕಂತುಕಂತಾಗಿ ಬಂತು, ಬಿಜಾಪುರದ ಸಾಲ ತೀರಿತು, ಕಮಾನು ಉಳಿಯಿತು.

ಆಮೇಲೆ ಮನೆಗೆ ಯಾರೇ ಬರಲಿ, ನನ್ನ ಗಂಡ ಆ ದಿನದ ಮಾತು ತೆಗೆಯುವರು. ಆಯುಷ್ಯದಲ್ಲಿ ಒಂದೇ ಸಲ ಆಣೆ ಮಾಡಿದೆ, ಅದೂ ಖರೆ ಆಣೆ ಎಂದು ಹೇಳಿ ನನ್ನ ಕಡೆ ತಿರುಗಿ, “ಹೌದಲ್ಲ?” ಎನ್ನುವರು. “ಹೌದ್ರಿ” ಎನ್ನುತ್ತಿದ್ದೆ. ತೀರಿಕೊಳ್ಳುವ ಹಿಂದಿನ ವಾರ ಹಾಸಿಗೆಯಲ್ಲಿ ಮಲಗಿದ್ದವರು ಮತ್ತೆ ಕೇಳಿದರು. ದೇವರ ಮುಂದೆ ಹೋಗುವ ಮನುಷ್ಯನಿಗೆ ಆಗಲೂ ಹೌದೆಂದೇ ಹೇಳಿ ಕಳಿಸಿದೆ.