ರೊಟ್ಟಿ ಇಳಿಯದ ಸೋಮವಾರಗಳು

ಅತ್ತಿಗೆ ಊಟ ಬಿಟ್ಟಿದ್ದನ್ನು ನಮ್ಮ ಮನೆಯವರೆಲ್ಲ ಹೊಗಳಿದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿಯ ಮನೆ. ಗಿರಣಿ ಅಣ್ಣನದು, ಅಡುಗೆಮನೆ ಅತ್ತಿಗೆಯದು. ಹೊಸಪೇಟೆಯಲ್ಲಿ ಪಾಠ ಹೇಳಿಕೊಂಡಿರುವ ನಾನು ಹಬ್ಬಕ್ಕೆ, ರಜೆಗೆ ಹೋಗಿ ಬರುವವಳು. ಅತ್ತಿಗೆ ಮೊದಲು ಸೋಮವಾರ ಮಾತ್ರ ಒಪ್ಪತ್ತು ಮಾಡುತ್ತಿದ್ದಳು. ಆಮೇಲೆ ಗುರುವಾರ ಸೇರಿತು, ಶನಿವಾರವೂ ಸೇರಿತು. ಶ್ರಾವಣ ಬಂದಾಗ ತಿಂಗಳು ಪೂರ್ತಿ ಹಾಲು, ಬಾಳೆಹಣ್ಣು, ತೆಳ್ಳನೆ ಗಂಜಿ. ಬಳೆಗಳು ಮೊಣಕೈತನಕ ಜಾರತೊಡಗಿದವು. "ನಮ್ಮ ಸೊಸಿ ಭಕ್ತಿ ಅಂದ್ರ ಭಕ್ತಿರೀ, ಸ್ವಾಮಿಗಳಿಗಿಂತ ಒಂದು ಕೈ ಮ್ಯಾಲೆ" ಎಂದು ಅವ್ವ ಬಂದವರಿಗೆಲ್ಲ ಹೇಳಿದಳು. ಬಂದವರು ಅತ್ತಿಗೆಯ ಕಾಲಿಗೆ ಬೀಳುವುದೊಂದೇ ಬಾಕಿ.

ಅತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ರೊಟ್ಟಿ ಚೂರನ್ನು ಸಾರಿನಲ್ಲಿ ನೆನೆಸಿ ಬಾಯಿಗಿಟ್ಟು, ಎದೆಗೆ ಮುಷ್ಟಿ ಒತ್ತಿಕೊಂಡು ಹಿತ್ತಲಿಗೆ ಓಡಿದ ಚಿತ್ರವೊಂದು ನನ್ನ ತಲೆಯಲ್ಲಿದೆ. ಅದನ್ನು ಕಣ್ಣಾರೆ ಕಂಡೆನೋ, ಎಲ್ಲ ತಿಳಿದ ಮೇಲೆ ಮನಸ್ಸೇ ಕಟ್ಟಿಕೊಂಡಿತೋ ಹೇಳಲಾರೆ. ಕಂಡಿದ್ದರೆ ಕೇಳುತ್ತಿರಲಿಲ್ಲವೇ? ಈ ಚಿತ್ರವನ್ನು ನಾನು ನಂಬುವುದಿಲ್ಲ.

ಒಲೆಯ ಮುಂದೆ ಅವಳು ತಲೆಸುತ್ತಿ ಬಿದ್ದಿದ್ದು ಮಾತ್ರ ನಿಜ. ಹೊಸಪೇಟೆಯ ಹೊಟ್ಟೆ ಡಾಕ್ಟರಿಗೆ ತೋರಿಸೋಣ ಎಂದೆ.

"ಶ್ರಾವಣ ಮುಗೀಲಿ ತಡಿಯವ್ವ. ಟೆಸ್ಟು ಗಿಸ್ಟು ಅಂದ್ರ ವ್ರತ ಕೆಡತೈತಿ" ಎಂದ ಅಣ್ಣ.

"ವ್ರತ ಉಳಿದು ಆಕಿ ಹೋದ್ರ?"

"ಬಿಡ್ತು ಅನ್ನು!" ಅವ್ವ ಕಿರುಚಿದಳು. ನಾನು ಅನ್ನಲಿಲ್ಲ. ಕಾರು ತೆಗೆಸಿದೆ.

ಡಾಕ್ಟರು ಕೇಳಿದ್ದು ಅತ್ತಿಗೆಯನ್ನು. ಉತ್ತರ ಕೊಟ್ಟವನು ಅಣ್ಣ.

"ಏನಮ್ಮಾ ತೊಂದರೆ?"

"ಗ್ಯಾಸ್ ರೀ. ಉಪವಾಸ ಭಾಳ ಮಾಡ್ತಾಳ."

"ನುಂಗುವಾಗ ಹಿಡಿದ ಹಾಗಾಗುತ್ತಾ?"

"ಹಂಗೇನಿಲ್ರಿ."

ಯಾರ ಗಂಟಲು, ಯಾರ ಉತ್ತರ! "ನೀ ಹೊರಗ ನಡಿ" ಎಂದೆ. "ನಾ ಗಂಡ ಅದೀನಿ ಲೇ" ಎಂದು ಅವನು ಕಣ್ಣು ಬಿಟ್ಟ. "ನುಂಗೋಕಿ ನೀ ಅಲ್ಲಲ್ಲ!" ಡಾಕ್ಟರೂ ಬಾಗಿಲ ಕಡೆ ಕೈ ತೋರಿಸಿದರು. ಅವನು ಬಿರಬಿರನೆ ಹೋದ.

"ಈಗ ನೀವು ಹೇಳಿ. ಮೊದಲು ಸಿಕ್ಕಿಕೊಂಡಿದ್ದು ರೊಟ್ಟಿನಾ? ಇಲ್ಲಾ, ರೊಟ್ಟಿ, ನೀರು ಎರಡೂ ಒಟ್ಟಿಗೇ?" ಒಟ್ಟಿಗೇ ಆದರೆ ಅನ್ನನಾಳದ ಚಲನೆಯಲ್ಲಿ ದೋಷವಿರಬಹುದು, ಗಟ್ಟಿಯದು ಮೊದಲಾದರೆ ದಾರಿ ಕಿರಿದಾಗಿರಬಹುದು ಎಂದು ನನಗೆ ವಿವರಿಸಿದರು.

ಅತ್ತಿಗೆ ಬಾಗಿಲು ಮುಚ್ಚಿದೆಯೇ ಎಂದು ನೋಡಿದಳು. "ಮೊದ್ಲು ರೊಟ್ಟಿರೀ. ಆಮ್ಯಾಲೆ ಅನ್ನ. ಈಗ ಗಂಜಿನೂ ಇಳಿಯವಲ್ದು."

"ಮನೇಲಿ ಹೇಳಲಿಲ್ವಾ?"

"ಉಣ್ಣಾಕ ಕುಂತು ಅರ್ಧಕ್ಕ ಎದ್ರ ಬೈತಾರ್ರಿ. ಒಪ್ಪತ್ತು ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ಮರುದಿನವೇ ಎಂಡೋಸ್ಕೋಪಿ, ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ನರ್ಸ್ ಹೇಳಿದಾಗ ಅಣ್ಣ ನಕ್ಕ. "ಉಪವಾಸ ಆಕಿಗೇನ್ ಹೊಸದಲ್ಲ ಬಿಡ್ರಿ." ಆ ನಗು ನಾನು ಕಲ್ಪಿಸಿಕೊಂಡಿದ್ದಲ್ಲ.

ಕೊಳವೆ ಅರ್ಧದಲ್ಲೇ ನಿಂತಿತು. ವರ್ಷಗಟ್ಟಲೆ ಮೇಲೇರಿದ ಆಮ್ಲ ಸುಟ್ಟು ಸುಟ್ಟು ಅನ್ನನಾಳ ಕಿರಿದಾಗಿತ್ತು. ಆ ಜಾಗದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವತನಕ ಮನೆಯಲ್ಲಿ ಯಾರೂ 'ಕ್ಯಾನ್ಸರ್' ಎಂಬ ಮಾತನ್ನು ಬಾಯಿಗೆ ತರಲಿಲ್ಲ. ಕ್ಯಾನ್ಸರ್ ಆಗಿರಲಿಲ್ಲ. ಬಲೂನು ಇಳಿಸಿ ದಾರಿ ಹಿಗ್ಗಿಸಿದರು, ಮಾತ್ರೆ ಕೊಟ್ಟರು. ಕೆಲವು ದಿನ ಮೆತ್ತಗಿನ ಊಟವಾದ ಮೇಲೆ, ಇನ್ನು ರೊಟ್ಟಿ ತಿನ್ನಬಹುದು ಎಂದರು.

"ಸೋಮವಾರ ಹಿಡಿದಿದ್ದಕ್ಕ ಶಿವ ಕೈಬಿಡಲಿಲ್ಲ" ಎಂದು ಅವ್ವ ಓಣಿಗೆಲ್ಲ ಹೇಳಿದಳು. ಅಣ್ಣ ತಲೆಯಾಡಿಸಿದ. ಇಷ್ಟು ದಿನ ಹಸಿದಿದ್ದೆಯಾ ಎಂದು ಅತ್ತಿಗೆಯನ್ನು ಒಬ್ಬರೂ ಕೇಳಲಿಲ್ಲ. ಜಗಳಕ್ಕೆಂದೇ ನಾನು ಮುಂದಿನ ಸೋಮವಾರ ಕಂಪ್ಲಿಗೆ ಹೋದೆ.

ಮಧ್ಯಾಹ್ನ ಅವ್ವ ಅತ್ತಿಗೆಯ ಮುಂದೆ ಹಾಲಿನ ಲೋಟ, ಎರಡು ಬಾಳೆಹಣ್ಣು ಇಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ರೊಟ್ಟಿ ಹಾಕ್ರಿ ಅತ್ತಿ."

"ಸೋಮವಾರ ಅಲ್ಲೇನ ಇವತ್ತು?"

"ಗೊತ್ತೈತ್ರಿ. ಬಿಸೀದು ಹಾಕ್ರಿ."