ಪೈಪಿನಾಚೆಯ ನೀರು

ನಾನು ನೀರು ಹುಡುಕುವವಳು. ತೆಂಗಿನಕಾಯಿ ಹಿಡಿದಲ್ಲ, ಮೀಟರು ಹಿಡಿದು. ಶಿರಸಿಯಿಂದ ಸಿದ್ದಾಪುರ, ಯಲ್ಲಾಪುರಗಳಿಗೆ ಸ್ಕೂಟರಿನಲ್ಲೇ ಓಡಾಟ. ನನ್ನ ಲೆಕ್ಕ ತಪ್ಪಿತೆಂದು ಯಾರಾದರೂ ಅಂದರೆ ಕೋಪ ಮೂಗಿನ ತುದಿಗೇ ಬರುತ್ತದೆ. ಹೇರೂರಿನಾಚೆಯ ದಿಬ್ಬದ ಮನೆಯಿಂದ ಫೋನ್ ಬಂದಾಗ ಮಾತ್ರ ಕೋಪ ಬರಲಿಲ್ಲ. ಅಲ್ಲಿ ನಾನು ಗುರುತು ಹಾಕಿದ ಜಾಗದಲ್ಲಿ ಕೊರೆದ ಬೋರ್‌ನಲ್ಲಿ ಒಂದು ಹನಿಯೂ ಬಂದಿರಲಿಲ್ಲ.

ಆ ಮನೆಯ ಅಕ್ಕನ ಬಳಿ ಎರಡು ಎಮ್ಮೆಗಳಿದ್ದವು. ನೀರು ಸಾಲದೆ ಅವನ್ನು ಬಿಳಗಿಯಲ್ಲಿದ್ದ ತಮ್ಮ ತಂಗಿಯ ಮನೆಗೆ ಕಳಿಸಿದ್ದರು. ಈ ಬೇಸಿಗೆಯೂ ನೀರಾಗದಿದ್ದರೆ ಅವು ಅಲ್ಲಿಯೇ ಉಳಿಯುವುದೆಂದು ಮಾತಾಗಿತ್ತು. ನಾನು ಹೋದಾಗ ಅಕ್ಕ ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದರು.

"ಬಯ್ಯಲೆ ಕರದ್ದಲ್ಲ ತಂಗಿ. ಇನ್ನೊಂದ್ಸಲ ನೋಡು" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ನಾಲ್ಕು ಕಬ್ಬಿಣದ ಸರಳುಗಳನ್ನು ಸಾಲಾಗಿ ನೆಲಕ್ಕೆ ಹೊಡೆದೆ. ಹೊರಗಿನ ಎರಡರಿಂದ ಕರೆಂಟು ನೆಲಕ್ಕಿಳಿಯುತ್ತದೆ, ಒಳಗಿನ ಎರಡು ಅಳೆಯುತ್ತವೆ. ಹೊರಗಿನವನ್ನು ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ಒಣ ಕಲ್ಲಿದ್ದರೆ ಮೀಟರಿನ ಅಂಕಿ ಏರುತ್ತದೆ, ನೀರಿದ್ದರೆ ಇಳಿಯುತ್ತದೆ. ಆದರೆ ಒಣಗಿದ ಚಿರೇಕಲ್ಲಿನ ನೆಲ ಕರೆಂಟನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸರಳಿನ ಬುಡಕ್ಕೆ ಉಪ್ಪುನೀರು ಹೊಯ್ಯಬೇಕು. ಸಂಕೋಚದಿಂದಲೇ ಕೇಳಿದೆ. ದಿಬ್ಬದ ಕೆಳಗಿನಿಂದ ಹೊತ್ತು ತಂದಿದ್ದ ಕೊಡವನ್ನೇ ಅಕ್ಕ ತಂದಿಟ್ಟರು.

"ನಿನ್ನ ಮಷಿನ್ನಿಗೂ ಆಸರಿಗೆ ಬೇಕನೆ?"

ಮನೆಗೆ ಬಂದವರಿಗೆ ಮೊದಲು ಕುಡಿಯಲು ಕೊಡುವುದಕ್ಕೆ ಇಲ್ಲಿ ಆಸರಿಗೆ ಎನ್ನುತ್ತಾರೆ. ಇಬ್ಬರೂ ನಕ್ಕೆವು.

ಅಂಕಿ ಇಳಿಯಿತು! ಕಳೆದ ಸಲದಂತೆಯೇ, ಇಪ್ಪತ್ತೈದು ಅಡಿಯಿಂದ ಐವತ್ತರವರೆಗೆ. ಅದರ ಕೆಳಗೆ ಬರೀ ಗಟ್ಟಿ ಕಲ್ಲು. ಮೀಟರು ಸುಳ್ಳು ಹೇಳಿರಲಿಲ್ಲ ಎಂದು ಒಳಗೊಳಗೇ ಕುಣಿದೆ. ಆದರೆ ಗೋಡೆಗೆ ಬಳಿಯುವ ಶೇಡಿ ಮಣ್ಣಿದ್ದರೂ ಅಂಕಿ ಇಳಿಯುತ್ತದೆ. ಶೇಡಿ ನೀರು ಕುಡಿದು ಕೂರುತ್ತದೆ, ಬಿಡುವುದಿಲ್ಲ. ಇದು ಶೇಡಿಯೋ, ನೀರು ಬಿಡುವ ಹರಳುಮಣ್ಣೋ?

"ಅಕ್ಕ, ಬೋರ್ ಕೊರೆಯುವಾಗ ಎಂಥ ಮಣ್ಣು ಬಂತು?"

"ಮೊದಲು ಕೆಂಪು. ಆಮೇಲೆ ಹಳದಿ, ರಾಡಿ ರಾಡಿ. ಪೈಪ್ ಇಳಿಸಿದ ಮೇಲೆ ಬರೇ ಬಿಳಿ ಹುಡಿ."

ಕಲ್ಲು ಕೊರೆದ ಆ ಬಿಳಿ ಹುಡಿಯನ್ನು ಅವರು ಅಂಗಳಕ್ಕೆ ಹರಡಿದ್ದರು. ಹಳದಿ ರಾಡಿ ಅಲ್ಲಿಗೆ ಬೇಡವೆಂದು ಬಾಳೆಯ ಬುಡಕ್ಕೆ ಸುರಿದಿದ್ದರು. ಓಡಿದೆ. ಒಂದು ಹಿಡಿ ತೆಗೆದು ಉಜ್ಜಿದೆ. ಅಂಗೈಯಲ್ಲಿ ಹರಳು ಚುರುಚುರು ಎಂದವು. ಶೇಡಿಯಲ್ಲ! ನನಗಾದ ಖುಷಿಗೆ ಅಕ್ಕನನ್ನು ಅಪ್ಪಿಕೊಂಡುಬಿಟ್ಟೆ.

ಬೋರ್ ಕೊರೆಯುವವರು ಮೆದು ಮಣ್ಣು ಕುಸಿಯದಂತೆ ಗಟ್ಟಿ ಕಲ್ಲಿನವರೆಗೂ ಪೈಪ್ ಇಳಿಸುತ್ತಾರೆ. ಇಲ್ಲಿ ನೀರಿದ್ದದ್ದೇ ಆ ಮೆದು ಮಣ್ಣಿನಲ್ಲಿ. ಪೈಪು ಅದನ್ನು ಹೊರಗೇ ತಡೆದು, ನೀರಿಲ್ಲದ ಕಲ್ಲಿನೊಳಗೆ ಹೋಗಿತ್ತು. ಅವರು ಮಾಡಿದ್ದು ಎಲ್ಲ ಕಡೆ ಮಾಡುವಂಥದ್ದೇ. ಇಲ್ಲಿ ಬೋರ್ ಬೇಡ, ಬಾವಿ ತೆಗೆಸಿ ಎಂದು ಹೇಳಬೇಕಾದವಳು ನಾನು. ಅವತ್ತು ಯಲ್ಲಾಪುರದಲ್ಲಿ ಇನ್ನೊಂದು ಕೆಲಸವಿದೆಯೆಂದು ಗುರುತು ಹಾಕಿ ಸ್ಕೂಟರ್ ಹತ್ತಿದ್ದೆ. ಅದನ್ನು ಅಕ್ಕನಿಗೆ ಹೇಳಿದೆ. ಹೇಳುವಾಗ ನಾಚಿಕೆಯಾಯಿತು.

ಅಕ್ಕ ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟರು. "ಈ ಸಲ ನೀನು ನೀರು ಕಂಡ ಮೇಲೇ ಹೋಗವು" ಎಂದರು.

ಪೈಪಿನಿಂದ ಹತ್ತು ಹೆಜ್ಜೆ ದೂರದಲ್ಲಿ ಬಾವಿ ತೆಗೆಯುವ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ನಾನು ಹಾಜರು. ಮೂವತ್ತನೆಯ ಅಡಿಯಲ್ಲಿ ಗೋಡೆ ಬೆವರಿತು. ಮೂವತ್ನಾಲ್ಕಕ್ಕೆ ಕೆಳಗಿದ್ದವರು "ಬಂತು, ಬಂತು!" ಎಂದು ಕೂಗಿ ಬುಟ್ಟಿ ಹಾರೆ ಬಿಟ್ಟು ಮೇಲೆ ಹತ್ತಿದರು. ಕೆಂಪು ನೀರು ಅವರ ಹಿಂದೆಯೇ ಏರುತ್ತಿತ್ತು. ಅಕ್ಕ ಬಗ್ಗಿ ನೋಡಿದರು.

ನಾಲ್ಕು ದಿನದ ಮೇಲೆ ಅವರ ಫೋನು ಬಂತು. ಹಿಂದೆ ಜೋರು ಗಲಾಟೆ ಕೇಳಿಸುತ್ತಿತ್ತು.

"ಎರಡೂ ಎಮ್ಮೆ ಮನೆಗೆ ಬಂತು ತಂಗಿ. ಬಂದದ್ದೇ ಆಸರಿಗೆ ಕೇಳ್ತಾ ಇದ್ದು!"